ಒಂದು ಚಿಟಿಕೆ ಇಂಗು, ಐದು ಕಿಲೋ ರಾಗಿ: ಆಹಾರ ಸುರಕ್ಷತಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಅಕ್ಕಿ, ರಾಗಿ, ಜೋಳ ಉಂಡು ಬೆಳೆದ ನಾಡಿನಲ್ಲಿ ಗೋಧಿ ಆಗದವರಿಗೆ ಏನು ಕಷ್ಟ ಎಂದು ಕೇಳುವವರಿದ್ದಾರೆ. ಕಾಳಿನ ಮಟ್ಟಿಗೆ ಕಷ್ಟವೇನೂ ಇಲ್ಲ, ನಿಜ. ಕಷ್ಟ ಇರುವುದು ಗಿರಣಿಯ ಕಲ್ಲಿನಲ್ಲಿ, ಇಂಗಿನ ಡಬ್ಬಿಯಲ್ಲಿ, ಹೋಟೆಲಿನ ಕಾವಲಿಯ ಮೇಲೆ, ಬಿಸಿಯೂಟದ ಸೌಟಿನಲ್ಲಿ. ಸೀಲಿಯಾಕ್ ಕಾಯಿಲೆ ಇರುವವರ ಮನೆಗಳಲ್ಲಿ ದಿನಾ ಅಡುಗೆ ಮಾಡುವ ನಾವು ಈ ನಾಲ್ಕು ಜಾಗಗಳ ಬಗ್ಗೆ ನಿಮಗೆ ಬರೆಯುತ್ತಿದ್ದೇವೆ. ಶಾಲಾ ಶಿಕ್ಷಣ ಇಲಾಖೆಯವರೂ, ಗಿರಣಿ ಮತ್ತು ಹೋಟೆಲು ನಡೆಸುವವರೂ ಇದನ್ನು ತಮಗೇ ಬರೆದದ್ದೆಂದು ಓದಿಕೊಳ್ಳಲಿ. ಹೊಸ ಕಾನೂನು ಬೇಕೆಂದು ಕೇಳುತ್ತಿಲ್ಲ. ಇರುವ ಕಾನೂನು ಕಿರಾಣಿ ಅಂಗಡಿಯ ಕಪಾಟಿನವರೆಗೆ ಇಳಿದು ಬಂದರೆ ನಮ್ಮ ಮುಕ್ಕಾಲು ಪಾಲು ತೊಂದರೆ ಕಳೆಯುತ್ತದೆ.

ಕಾಯಿಲೆಯ ವಿಷಯ ಚುಟುಕಾಗಿ ಹೇಳುತ್ತೇವೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯದಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಗೋಡೆಯ ಮೇಲೇ ತಿರುಗಿ ಬೀಳುತ್ತದೆ. ಆಹಾರದ ಸತ್ವ ಹೀರುವ, ಕಂಬಳಿಯ ಎಳೆಗಳಂತೆ ಎದ್ದು ನಿಂತಿರುವ ವಿಲ್ಲೈಗಳು ಸವೆದು ನೆಲಸಮವಾಗುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದು ಅಲರ್ಜಿಯಲ್ಲ, ಅಜೀರ್ಣವಲ್ಲ, ಸಿನಿಮಾದವರ ಡಯಟ್ ಅಂತೂ ಅಲ್ಲವೇ ಅಲ್ಲ. ಇದಕ್ಕೆ ಔಷಧಿಯಿಲ್ಲ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡೇ ಸಿಗದ ಹೊತ್ತಿನಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದನ್ನೂ ಬ್ರೆಡ್ಡು ಮರಳಿ ಬಂದಾಗ ಮತ್ತೆ ಕುಸಿದದ್ದನ್ನೂ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು ಗಮನಿಸಿದರು. ಅಂದಿನಿಂದ ಇಂದಿನವರೆಗೂ ಚಿಕಿತ್ಸೆ ಅದೊಂದೇ: ಗ್ಲುಟೆನ್ ಬಿಡುವುದು, ಬದುಕಿರುವಷ್ಟು ಕಾಲವೂ.

‘ಸ್ವಲ್ಪ ತಿಂದ್ರೆ ಏನೂ ಆಗಲ್ಲ’ ಎಂಬ ಮಾತನ್ನು ನಾವು ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಕೇಳುತ್ತೇವೆ. ಸ್ವಲ್ಪ ಎಂದರೆ ಎಷ್ಟು? ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಹೊಟ್ಟೆಗೆ ಹೋದರೆ ಮೂರು ತಿಂಗಳಲ್ಲಿ ಕರುಳಿಗೆ ಪೆಟ್ಟು ಬೀಳುತ್ತದೆ ಎಂಬುದು ಅಳೆದು ನೋಡಿದ ವಿಷಯ. 10 ಮಿಲಿಗ್ರಾಂ ಒಳಗಿದ್ದರೆ ಬಹುತೇಕರಿಗೆ ತೊಂದರೆಯಿಲ್ಲ. 100 ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 8 ಗ್ರಾಂ ಗ್ಲುಟೆನ್ ಇರುತ್ತದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 2,400 ಮಿಲಿಗ್ರಾಂ ಆಯಿತು. ಆ ಚಪಾತಿಯನ್ನು ಹರಿದು ಐವತ್ತು ಚೂರು ಮಾಡಿದರೆ ಒಂದು ಚೂರಿನಲ್ಲಿ ಕರುಳು ಕೆಡಿಸುವಷ್ಟು ಗ್ಲುಟೆನ್ ಇರುತ್ತದೆ. ತಟ್ಟೆಯ ಅಂಚಿನಲ್ಲಿ ಅಂಟಿಕೊಂಡಿರುವ, ತೆಗೆದುಹಾಕಬೇಕೆಂದು ಯಾರಿಗೂ ತೋಚದ ಚೂರು ಅದು. ತಿಂದ ದಿನವೇ ಹೊಟ್ಟೆ ಕೆಡಬೇಕೆಂದೂ ಇಲ್ಲ. ಏನೂ ಆಗದವರ ಕರುಳೂ ಒಳಗೊಳಗೇ ಸವೆಯುತ್ತಿರುತ್ತದೆ.

ಇನ್ನು ಇಂಗಿನ ವಿಷಯ. ಶುದ್ಧ ಇಂಗಿನ ಘಾಟು ಎಷ್ಟೆಂದರೆ ಅದನ್ನು ಹಾಗೇ ಬಳಸಲಾಗದು. ಅದಕ್ಕೇ ಅರೇಬಿಕ್ ಗೋಂದು, ಪಿಷ್ಟ ಅಥವಾ ಧಾನ್ಯದ ಹಿಟ್ಟು ಬೆರೆಸಿ ಕೂಟು ಇಂಗು ಮಾಡುತ್ತಾರೆ. ಕಾನೂನು ಇದಕ್ಕೆ ಒಪ್ಪುತ್ತದೆ. ಕೂಟು ಇಂಗಿನಲ್ಲಿ ಆಲ್ಕೊಹಾಲ್‌ನಲ್ಲಿ ಕರಗುವ ಅಂಶ ಶೇ 5ಕ್ಕಿಂತ ಕಡಿಮೆ ಇರಬಾರದು ಎಂಬುದು ಮಾನದಂಡ. ಅಂದರೆ ಡಬ್ಬಿಯ ತುಂಬ ಇರುವುದು ಹೆಚ್ಚಾಗಿ ಬೆರೆಸಿದ ವಸ್ತುವೇ. ಆ ವಸ್ತು ಅಕ್ಕಿಹಿಟ್ಟಾದರೆ ನಮಗೆ ಚಿಂತೆಯಿಲ್ಲ. ಆದರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೈದಾ ಅಥವಾ ಗೋಧಿಹಿಟ್ಟು ಬೆರೆತದ್ದು. ಪುಡಿ ಇಂಗಿಗಿಂತ ಗಟ್ಟಿ ಇಂಗು ವಾಸಿ ಎಂಬ ನಂಬಿಕೆಯೂ ಸುಳ್ಳು. ಗಟ್ಟಿಯಲ್ಲೂ ಮೈದಾ ಇರುತ್ತದೆ.

ಒಂದು ಚಿಟಿಕೆಯಲ್ಲಿ ಏನು ಮಹಾ ಎಂದರೆ, ನ್ಯಾಯವಾಗಿಯೇ ಲೆಕ್ಕ ಹಾಕೋಣ. ಕಾಲು ಗ್ರಾಂ ಇಂಗು, ಅದರಲ್ಲಿ ಶೇ 60 ಗೋಧಿಹಿಟ್ಟು ಎಂದಿಟ್ಟುಕೊಂಡರೆ 12 ಮಿಲಿಗ್ರಾಂ ಗ್ಲುಟೆನ್. ಸಾರು ನಾಲ್ಕು ಜನಕ್ಕೆ ಹಂಚಿಹೋಗುತ್ತದೆ, ತಲೆಗೆ 3 ಮಿಲಿಗ್ರಾಂ. ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಊಟದಲ್ಲಿ ಇಂಗು ಸಾರಿಗೇ ನಿಲ್ಲುವುದಿಲ್ಲವಲ್ಲ. ಬೆಳಿಗ್ಗೆ ಚಟ್ನಿಪುಡಿ, ಮಧ್ಯಾಹ್ನ ಹುಳಿ, ಪಲ್ಯದ ಒಗ್ಗರಣೆ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ರಾತ್ರಿ ಮತ್ತೆ ಸಾರು. ಗೋಧಿಯ ಒಂದು ತುತ್ತೂ ಮುಟ್ಟದ ಮನುಷ್ಯ ದಿನದ 10 ಮಿಲಿಗ್ರಾಂ ಮಿತಿಯನ್ನು ಇಂಗಿನಿಂದಲೇ ದಾಟುತ್ತಾನೆ. ಪಥ್ಯ ಹಿಡಿದು ವರ್ಷವಾದರೂ ರಕ್ತದ ಪ್ರತಿಕಾಯ (ತಿರುಗಿಬಿದ್ದ ರಕ್ಷಣಾ ವ್ಯವಸ್ಥೆ ರಕ್ತಕ್ಕೆ ಬಿಡುವ ಪ್ರೋಟೀನ್) ಇಳಿಯಲಿಲ್ಲವೆಂದರೆ ನಾವು ಮೊದಲು ತಡಕುವುದು ಒಗ್ಗರಣೆ ಡಬ್ಬಿಯನ್ನೇ.

ಇಲ್ಲಿ ಕಾನೂನಿನ ಒಂದು ಸಂದಿ ಇದೆ. ಸಾರಿನ ಪುಡಿಯಂಥ ಪದಾರ್ಥದಲ್ಲಿ ಇಂಗು ಶೇ 5ಕ್ಕಿಂತ ಕಡಿಮೆ ಇರುತ್ತದೆ. ಅಷ್ಟು ಕಡಿಮೆ ಇರುವ ಕೂಟು ಪದಾರ್ಥದ ಒಳಗೆ ಏನೇನಿದೆ ಎಂದು ಬಿಡಿಸಿ ಬರೆಯುವ ಅಗತ್ಯವಿಲ್ಲ. ತಯಾರಕರು ‘ಇಂಗು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯಗಳನ್ನು ಅಲರ್ಜಿಕಾರಕಗಳ ಸಾಲಿನಲ್ಲಿ ‘ಇದರಲ್ಲಿ ಗೋಧಿ ಇದೆ’ ಎಂದು ಬೇರೆಯಾಗಿಯೇ ಘೋಷಿಸಬೇಕು. ಇಂಗಿನ ಜೊತೆ ಬಂದ ಗೋಧಿಯೂ ಗೋಧಿಯೇ. ದೊಡ್ಡ ಕಂಪನಿಗಳ ಪೊಟ್ಟಣಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುತ್ತದೆ. ಗೃಹೋದ್ಯೋಗದ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗಳ ಮೇಲೆ ಕಾಣುವುದು ಅಪರೂಪ. ಮೋಸ ಮಾಡಬೇಕೆಂಬ ಉದ್ದೇಶ ಅವರಿಗಿರುವುದಿಲ್ಲ, ಇಂಗಿನೊಳಗೆ ಮೈದಾ ಇದೆಯೆಂದು ಅವರಿಗೇ ಗೊತ್ತಿರುವುದಿಲ್ಲ. ದಂಡ ಹಾಕುವ ಮೊದಲು ಅವರಿಗೆ ಇದನ್ನು ತಿಳಿಸಿ. ಅಕ್ಕಿಹಿಟ್ಟಿನ ಕೂಟು ಇಂಗು ಮಾರುಕಟ್ಟೆಯಲ್ಲಿದೆ. ಅದಕ್ಕೆ ಬದಲಾಯಿಸಿಕೊಂಡರೆ ಅವರ ಪುಡಿಯ ರುಚಿ ಎಳ್ಳಷ್ಟೂ ಕೆಡುವುದಿಲ್ಲ.

ಗಿರಣಿಯದು ಇದಕ್ಕಿಂತ ದೊಡ್ಡ ಲೆಕ್ಕ. ನಮ್ಮ ದೇಶದ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಅದು ಗ್ಲುಟೆನ್ ರಹಿತ. 5 ಕಿಲೋ ರಾಗಿ ಹಿಟ್ಟಿಗೆ ಒಟ್ಟು 100 ಮಿಲಿಗ್ರಾಂ. ಅಷ್ಟು ಗ್ಲುಟೆನ್ ಒಂದೂಕಾಲು ಗ್ರಾಂ ಗೋಧಿಹಿಟ್ಟಿನಲ್ಲಿರುತ್ತದೆ. ಅರ್ಧ ಟೀ ಚಮಚ. ಗೋಧಿ ಬೀಸಿದ ಗಿರಣಿಯ ಕಲ್ಲಿನ ಗೀರುಗಳಲ್ಲಿ, ಕೊಳವೆಯ ಮೂಲೆಗಳಲ್ಲಿ, ಹಿಟ್ಟು ಬೀಳುವ ಬಾಯಿಗೆ ಕಟ್ಟಿರುವ ಬಟ್ಟೆಯ ತೋಳಿನಲ್ಲಿ ಉಳಿಯುವುದು ಅರ್ಧ ಚಮಚವಲ್ಲ, ಕೆಲವು ಹಿಡಿ. 100 ಗ್ರಾಂ ಉಳಿದಿತ್ತು ಎಂದಿಟ್ಟುಕೊಂಡರೂ ನಮ್ಮ ಐದು ಕಿಲೋ ರಾಗಿಯಲ್ಲಿ ಕಿಲೋಗೆ ಸುಮಾರು 1,570 ಮಿಲಿಗ್ರಾಂ ಗ್ಲುಟೆನ್ ಸೇರಿತು. ಮಿತಿಯ ಎಪ್ಪತ್ತೆಂಟು ಪಟ್ಟು. ಅಂಗಡಿಯಿಂದ ಶುದ್ಧ ರಾಗಿ ತಂದು, ತೊಳೆದು, ಒಣಗಿಸಿ, ಕೊನೆಗೆ ಗಿರಣಿಯಲ್ಲಿ ವಿಷ ಮಾಡಿಕೊಂಡು ಬಂದ ಹಾಗೆ. ‘ಮುಂಚೆ ಅಕ್ಕಿ ಹಾಕಿ ಆಡಿಸಿದೀವಿ ಸಾರ್’ ಎಂಬ ಭರವಸೆಯೂ ಸಾಲದು. ಎರಡು ಕಿಲೋ ಅಕ್ಕಿ ಓಡಿಸಿದರೆ ಹಿಟ್ಟಿನ ರಾಶಿ ಹೋಗುತ್ತದೆ, ಬಟ್ಟೆಯ ತೋಳಿನ ಹೊಲಿಗೆಯಲ್ಲಿ ಕೂತದ್ದು ಹೋಗುವುದಿಲ್ಲ.

ಪರಿಹಾರ ಸರಳವಾಗಿದೆ. ಬಹುತೇಕ ಊರಿನ ಗಿರಣಿಗಳಲ್ಲಿ ಎರಡು ಮೂರು ಯಂತ್ರ ಇದ್ದೇ ಇರುತ್ತವೆ. ಒಂದು ಯಂತ್ರಕ್ಕೆ ಗೋಧಿ ಮುಟ್ಟಿಸುವುದಿಲ್ಲ ಎಂದು ಬೋರ್ಡು ಹಾಕಿ, ಅದರ ತೋಳು, ಗುಡಿಸುವ ಬ್ರಶ್ಶು, ಡಬ್ಬ ಎಲ್ಲವನ್ನೂ ಬೇರೆ ಇಟ್ಟರೆ ಆಯಿತು. ಗೋಧಿ ಯಂತ್ರದ ಪಕ್ಕದಲ್ಲೇ ಇಟ್ಟರೆ ದೂಳು ಹಾರಿ ಬರುತ್ತದೆ, ನಡುವೆ ಗೋಡೆಯೋ ದಪ್ಪ ಪ್ಲಾಸ್ಟಿಕ್ ಪರದೆಯೋ ಬೇಕು. ಯಂತ್ರ ಮೀಸಲಿಡುವ ಮೊದಲು ಕಲ್ಲು ಬಿಚ್ಚಿ, ಉಜ್ಜಿ, ಹೊಸ ತೋಳು ಕಟ್ಟಬೇಕು. ಗಿರಣಿಯವರಿಗೆ ಇದರಿಂದ ನಷ್ಟವಿಲ್ಲ. ಸಕ್ಕರೆ ಕಾಯಿಲೆಗೆಂದು ರಾಗಿ, ನವಣೆ, ಸಾಮೆ ಬೀಸಿಸಲು ಬರುವವರೇ ಆ ಯಂತ್ರವನ್ನು ದಿನವಿಡೀ ಓಡಿಸುತ್ತಾರೆ. ತಾಲ್ಲೂಕಿಗೊಂದು ಇಂಥ ಗಿರಣಿಯನ್ನು ಇಲಾಖೆ ಗುರುತಿಸಿ ಪಟ್ಟಿ ಪ್ರಕಟಿಸಿದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಲ್ಲಿಯವರೆಗೆ ಕುಟುಂಬಗಳಿಗೆ ನಮ್ಮ ಸಲಹೆ ಎರಡೇ: ಮನೆಯಲ್ಲಿಡುವ ಸಣ್ಣ ಗಿರಣಿ, ಇಲ್ಲವೇ ಮಿಕ್ಸಿಯ ಬೇರೆ ಜಾರಿನಲ್ಲಿ ಒಂದು ಸಲಕ್ಕೆ 200 ಗ್ರಾಂನಂತೆ ಬೀಸಿ ಹೊಸ ಜರಡಿಯಲ್ಲಿ ಸಾಣಿಸುವುದು.

ಬೀಸುವ ಮೊದಲು ಕಾಳು ಆರಿಸುವುದನ್ನೂ ಹೇಳಬೇಕು. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಮೂರು ಮಿಲಿಗ್ರಾಂ ಚಿಲ್ಲರೆ ಗ್ಲುಟೆನ್. ಒಂದು ಕಿಲೋ ಜೋಳದಲ್ಲಿ ಆರು ಗೋಧಿ ಕಾಳಿದ್ದರೆ ಮಿತಿಯ ಅಂಚು, ಏಳನೆಯದು ಬಿದ್ದರೆ ಮಿತಿ ದಾಟಿತು. ರಾಗಿಯಲ್ಲಿ ಕೆಲಸ ಹಗುರ: ಕಾಳು ಸಣ್ಣದು, ಜರಡಿ ಹಿಡಿದರೆ ರಾಗಿ ಕೆಳಗಿಳಿದು ಗೋಧಿ ಮೇಲೇ ಉಳಿಯುತ್ತದೆ. ಜೋಳದಲ್ಲಿ ಹಾಗಾಗದು, ಗಾತ್ರ ಹತ್ತಿರ ಹತ್ತಿರ. ಕಪ್ಪು ತಟ್ಟೆಯ ಮೇಲೆ ಒಂದೊಂದು ಹಿಡಿ ಹರಡಿಕೊಂಡು, ಉದ್ದನೆಯ, ಹೊಟ್ಟೆಯ ಮೇಲೆ ಸೀಳುಗೆರೆ ಇರುವ ಕಾಳನ್ನು ಕೈಯಿಂದ ಹೆಕ್ಕಬೇಕು. ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ, ಗೋಧಿ ಹಾರುವುದಿಲ್ಲ. ಪಡಿತರದಲ್ಲಿ ರಾಗಿ, ಜೋಳ ಕೊಡುವ ರಾಜ್ಯ ನಮ್ಮದು. ಗೋಧಿ ತುಂಬಿದ್ದ ಗೋಣಿಚೀಲಕ್ಕೆ ಮರಳಿ ರಾಗಿಯನ್ನೋ ಜೋಳವನ್ನೋ ತುಂಬದಂತೆ ಗೋದಾಮಿನಲ್ಲಿ ನೋಡಿಕೊಂಡರೆ ಈ ಹೆಕ್ಕುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಸಿರಿಧಾನ್ಯದ ಹೆಸರಿನಲ್ಲಿ ನಡೆಯುತ್ತಿರುವುದರ ಬಗ್ಗೆ ನಮಗೆ ನಿಜವಾಗಿಯೂ ಸಿಟ್ಟಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಅದರ ಬೆನ್ನಿಗೇ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ನವಣೆ ನೂಡಲ್ಸ್, ಜೋಳದ ಶಾವಿಗೆ ತುಂಬಿಕೊಂಡವು. ಪೊಟ್ಟಣದ ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರ, ತಿರುಗಿಸಿದರೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಗೋಧಿಹಿಟ್ಟೋ ಮೈದಾವೋ. ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ ಎಂಬುದು ತಿಳಿದವರು ಓದಿ ಕೆಳಗಿಡುತ್ತಾರೆ. ರಾಗಿ ಅಂದರೆ ಮಗುವಿಗೆ ಆಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನಷ್ಟೇ ನೆನಪಿಟ್ಟುಕೊಂಡ ಅಜ್ಜಿ ಅದನ್ನೇ ಕೊಂಡು ತರುತ್ತಾರೆ. ‘ಮಾಲ್ಟ್’ ಎಂಬ ಪದದಲ್ಲೂ ಇದೇ ಗೊಂದಲ. ಮೊಳಕೆ ಬರಿಸಿದ ರಾಗಿಯ ಮಾಲ್ಟ್ ನಮಗೆ ಅಮೃತ. ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ, ಕಾರ್ನ್‌ಫ್ಲೇಕ್ಸ್‌ಗಳ ಪಟ್ಟಿಯಲ್ಲಿ ಬರೀ ‘ಮಾಲ್ಟ್ ಎಕ್ಸ್‌ಟ್ರಾಕ್ಟ್’ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಬಿದ್ದುಹೋಗಿದೆ. ಯಾವ ಧಾನ್ಯದ ಮಾಲ್ಟ್ ಎಂದು ಬರೆಸುವುದು ನಿಮ್ಮಿಂದ ಆಗುವ ಕೆಲಸ.

ಜೋಳದ ರೊಟ್ಟಿಗೆ ಬರೋಣ. ಉತ್ತರ ಕರ್ನಾಟಕದ ಊಟ ಎಂದು ಬೋರ್ಡು ಹಾಕಿದ ಎಷ್ಟೋ ಖಾನಾವಳಿಗಳಲ್ಲಿ, ಅದರಲ್ಲೂ ಬೆಂಗಳೂರಿನ ಕಡೆ, ಜೋಳದ ಹಿಟ್ಟಿಗೆ ಒಂದಿಷ್ಟು ಗೋಧಿಹಿಟ್ಟು ಬೆರೆಸುತ್ತಾರೆ. ಕಾರಣ ದುರಾಸೆಯಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲದ್ದರಿಂದ ಹಿಟ್ಟು ಹಿಗ್ಗುವುದಿಲ್ಲ, ಬಡಿಯಲು ಕೈಪಳಗಿದವರು ಸಿಗುವುದಿಲ್ಲ, ಲಟ್ಟಿಸಿದರೆ ಅಂಚು ಒಡೆಯುತ್ತದೆ. ಆದರೆ ಒಡೆಯದಂತೆ ಮಾಡಲು ಗೋಧಿ ಬೇಕಿಲ್ಲ, ಕುದಿಯುವ ನೀರು ಬೇಕು. ಎರಡು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಲೋಟ ನೀರು. ನೀರು ಗುಳ್ಳೆಯೆದ್ದು ಕುದಿಯುವಾಗಲೇ ಹಿಟ್ಟಿನ ನಡುವಿನ ಗುಂಡಿಗೆ ಸುರಿದು, ಕಟ್ಟಿಗೆಯಿಂದ ಕಲಸಿ, ಐದು ನಿಮಿಷ ಮುಚ್ಚಿಡಬೇಕು. ಬಿಸಿಗೆ ಪಿಷ್ಟ ಬೆಂದು ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು, ಆರಿದ ಮೇಲೆ ನಾದಿದರೆ ಪ್ರಯೋಜನವಿಲ್ಲ. ಹೆಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಇಷ್ಟಾದರೂ ಒಡೆದರೆ ಹಿಟ್ಟು ಹಳೆಯದು ಎಂದರ್ಥ. ಬೀಸಿ ಮೂರು ನಾಲ್ಕು ವಾರ ಕಳೆದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಮಾಲದಂಡಿಯಂಥ ರೊಟ್ಟಿ ಜೋಳವನ್ನು ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಂಡರೆ ಈ ತಾಪತ್ರಯವಿಲ್ಲ. ಕಲಬುರಗಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಗುಂಪುಗಳ ಮೂಲಕ ‘ಕಲಬುರಗಿ ರೊಟ್ಟಿ’ಯನ್ನು ಮಾರುಕಟ್ಟೆಗೆ ತಂದಿದೆ. ಇಂಥ ಗುಂಪುಗಳಿಗೆ ಗೋಧಿ ಮುಟ್ಟದ ಒಂದು ಗಿರಣಿಯನ್ನೂ ಮಾದರಿ ಪರೀಕ್ಷೆಯ ಖರ್ಚನ್ನೂ ಒದಗಿಸಿದರೆ ಆ ಕಡಕ್ ರೊಟ್ಟಿ ದೇಶದ ಯಾವ ಸೀಲಿಯಾಕ್ ಮನೆಗೂ ಹೋಗಬಹುದು. ಪಂಜಾಬು, ಹರಿಯಾಣದ ಕಡೆ ಕೊಳ್ಳುವವರ ಕೊರತೆ ಇರಲಾರದು.

ಹೋಟೆಲಿನವರಿಗೆ ನಮ್ಮ ಮಾತು: ನಿಮ್ಮ ಅಡುಗೆಮನೆಯಲ್ಲಿ ‘ಇಡ್ಲಿ ರವೆ’ ಮತ್ತು ‘ರವೆ ಇಡ್ಲಿ’ ಎರಡೂ ಇವೆ. ಮೊದಲನೆಯದು ಅಕ್ಕಿ, ಎರಡನೆಯದು ಗೋಧಿ. ಮಾಣಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಖಾಲಿ ದೋಸೆ, ಮಸಾಲೆ ದೋಸೆಯ ಹಿಟ್ಟಿನಲ್ಲಿ ಗೋಧಿ ಇಲ್ಲದಿರಬಹುದು, ಆದರೆ ಅದೇ ಕಾವಲಿಯ ಮೇಲೆ ಹಿಂದಿನ ಸರದಿಯಲ್ಲಿ ರವೆ ದೋಸೆ ಹೊಯ್ದಿರುತ್ತೀರಿ, ನೀರು ಚಿಮುಕಿಸಿ ಅದೇ ಪೊರಕೆಯಲ್ಲಿ ಗುಡಿಸಿರುತ್ತೀರಿ. ಉದ್ದಿನ ವಡೆ ಕರಿದ ಎಣ್ಣೆಯಲ್ಲೇ ಗೋಳಿಬಜೆ, ಮದ್ದೂರು ವಡೆ ಕರಿದಿರುತ್ತೀರಿ. ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ರವೆ, ಮೈದಾ ಎರಡೂ. ನಿಪ್ಪಟ್ಟು, ಕೋಡುಬಳೆಗೂ ಗರಿಗರಿಯಾಗಲೆಂದು ಚಿರೋಟಿ ರವೆಯೋ ಮೈದಾವೋ ಬಿದ್ದಿರುತ್ತದೆ. ಗೋಬಿ ಮಂಚೂರಿಯ ಮೈದಾ ಬಿಟ್ಟು ಕಾರ್ನ್‌ಫ್ಲೋರ್‌ನಲ್ಲಿ ಮಾಡಿದರೂ ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಎಲ್ಲವನ್ನೂ ಬದಲಿಸಿ ಎಂದು ನಾವು ಹೇಳುವುದಿಲ್ಲ. ‘ಇದು ಆಗುತ್ತೆ, ಇದು ಆಗಲ್ಲ, ಇದು ಗೊತ್ತಿಲ್ಲ’ ಎಂದು ನಿಜ ಹೇಳಿ. ‘ಗೊತ್ತಿಲ್ಲ’ ಎನ್ನುವ ಮಾಣಿಯನ್ನು ನಾವು ‘ಏನೂ ಇಲ್ಲ ಮೇಡಂ, ಪ್ಯೂರ್ ರೈಸು’ ಎನ್ನುವವನಿಗಿಂತ ಹೆಚ್ಚು ನಂಬುತ್ತೇವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಲೇಬೇಕು ಎಂಬ ನಿಯಮವಿದೆ. ಅದನ್ನು ಕ್ಯಾಲೊರಿ ಪಟ್ಟಿಯ ಅಡಿಯಲ್ಲಿ ಇರುವೆ ಅಕ್ಷರದಲ್ಲಿ ಅಡಗಿಸಬೇಡಿ.

ಶಾಲೆಯಲ್ಲಿ ಸಂಗತಿ ಸೂಕ್ಷ್ಮ. ಬಿಸಿಯೂಟದಲ್ಲಿ ಅನ್ನ, ಸಾಂಬಾರು ಇರುವ ದಿನ ಸೀಲಿಯಾಕ್ ಮಗುವೂ ಎಲ್ಲರ ಸಾಲಿನಲ್ಲಿ ಕೂತು ಉಣ್ಣಬಹುದು, ಸಾಂಬಾರ್ ಪುಡಿಯ ಇಂಗಿನ ತಗಾದೆ ತೀರಿದರೆ. ಉಪ್ಪಿಟ್ಟಿನ ದಿನ ಮಾತ್ರ ದಾರಿ ಬೇರೆ ಆಗಬೇಕು. ಆ ಮಗುವಿಗೆಂದು 100 ಗ್ರಾಂ ಅಕ್ಕಿ ಬೇರೆ ಪಾತ್ರೆಯಲ್ಲಿ ಬೇಯಿಸುವುದು ಕಷ್ಟವಲ್ಲ. ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ, ಮತ್ತು ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ ಬಡಿಸುವುದು, ಇಷ್ಟು ಸಾಕು. ತಪ್ಪಾಗುವುದು ಸಾಮಾನ್ಯವಾಗಿ ಕೊನೆಯ ಹೆಜ್ಜೆಯಲ್ಲಿ: ಅನ್ನ ಬೇರೆಯೇ ಬೆಂದಿರುತ್ತದೆ, ಬಡಿಸುವಾಗ ಉಪ್ಪಿಟ್ಟಿನ ಸೌಟನ್ನೇ ಅದ್ದುತ್ತಾರೆ. ಮನೆಯಿಂದ ಡಬ್ಬಿ ತರಲು ಅನುಮತಿ ಇರಲಿ, ಆದರೆ ಡಬ್ಬಿ ತರುವುದೇ ಕಡ್ಡಾಯ ಆಗದಿರಲಿ. ಡಬ್ಬಿ ಕಟ್ಟಲಾಗದ ಮನೆಗಳ ಮಕ್ಕಳಿಗೇ ಬಿಸಿಯೂಟ ಎಲ್ಲರಿಗಿಂತ ಹೆಚ್ಚು ಬೇಕಿರುವುದು. ಹುಟ್ಟುಹಬ್ಬದ ಚಾಕೊಲೇಟು, ಬಿಸ್ಕತ್ತು ಹಂಚುವಾಗ ಆ ಮಗು ಕೈ ಹಿಂದಕ್ಕೆಳೆದುಕೊಂಡು ನಿಲ್ಲುತ್ತದಲ್ಲ, ಅದಕ್ಕಾಗಿ ಮೇಷ್ಟ್ರ ಮೇಜಿನ ಖಾನೆಯಲ್ಲಿ ನಾಲ್ಕು ಕಡಲೆಕಾಯಿ ಚಿಕ್ಕಿ ಇರಲಿ. ಕ್ರಾಫ್ಟ್ ತರಗತಿಗೆ ಮೈದಾ ಅಂಟು ಕಾಯಿಸುವ ಶಾಲೆಗಳು ಚಿಕ್ಕ ಮಕ್ಕಳ ಕೈ ಬಾಯಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಕಡಲೆಕಾಯಿಗೆ ಅಲರ್ಜಿ ಇರುವ ಮಗುವೂ ಅದೇ ತರಗತಿಯಲ್ಲಿರಬಹುದು, ಕೇಳಿಕೊಂಡು ಇಡಿ.

ದೇವಸ್ಥಾನ, ವ್ರತಗಳ ವಿಷಯ ಹೇಳಿದರೆ ಉದ್ದವಾಗುತ್ತದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದು, ಅಕ್ಕಿ ಬಿಡುವ ದಿನದ ಫಲಾಹಾರವೂ ಹಲವು ಮನೆಗಳಲ್ಲಿ ಗೋಧಿ ರವೆಯ ಉಪ್ಪಿಟ್ಟೇ, ಕರಾವಳಿಯ ಇಗರ್ಜಿಗಳ ಪರಮಪ್ರಸಾದದ ರೊಟ್ಟಿಯೂ ಗೋಧಿಯದೇ. ಪ್ರಸಾದ ಬೇಡ ಎನ್ನುವವರನ್ನು ನಾಸ್ತಿಕರೆಂದು ತಿಳಿಯದಿದ್ದರೆ ಸಾಕು. ಒಂದು ಬಾಳೆಹಣ್ಣು ಕೊಡಿ.

ಆರೋಗ್ಯ ಇಲಾಖೆಗೆ ಒಂದು ಮಾತು. ಭಾರತದಲ್ಲಿ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಲಿಯಾಕ್ ಪ್ರತಿಕಾಯ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಂಡಿತು. ಕಾಯಿಲೆಗೆ ಬೇಕಾದ ವಂಶವಾಹಿ ಮಾತ್ರ ಎರಡೂ ಕಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿತ್ತು. ವ್ಯತ್ಯಾಸ ದೊಡ್ಡದಾಗಿ ಕಂಡದ್ದು ಉಣ್ಣುವ ಗೋಧಿಯ ಪ್ರಮಾಣದಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ, ಇಲ್ಲಿ 25. ಈಗ ನಮ್ಮ ಮನೆಗಳಲ್ಲೂ ರಾತ್ರಿ ಚಪಾತಿ, ಬೆಳಿಗ್ಗೆ ಬ್ರೆಡ್ಡು, ಸಂಜೆ ಪರೋಟ. ಕಾಯಿಲೆ ಇಲ್ಲಿಯದಲ್ಲ ಎಂದು ಕೂರುವ ಕಾಲ ಇದಲ್ಲ. ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಿಯೂ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದ ಮಗು, ಎತ್ತರ ಬೆಳೆಯದ ಮಗು, ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ಬಾಯಿಹುಣ್ಣು ಇರುವವರು, ಟೈಪ್ 1 ಸಕ್ಕರೆ ಕಾಯಿಲೆ ಅಥವಾ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಬಂದ ಥೈರಾಯ್ಡ್ ತೊಂದರೆ ಇರುವವರು, ಇವರಿಗೆ ಸೀಲಿಯಾಕ್ ಪ್ರತಿಕಾಯ ಹುಡುಕುವ ಟಿಟಿಜಿ-ಐಜಿಎ ರಕ್ತಪರೀಕ್ಷೆ ಬರೆದುಕೊಡಿ. ಜೊತೆಗೆ ಒಟ್ಟು ಐಜಿಎ (ಈ ಪರೀಕ್ಷೆ ಅಳೆಯುವ ಪ್ರತಿಕಾಯದ ಬಗೆ) ಕೂಡ ನೋಡಬೇಕು. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಐಜಿಎಯೇ ಕಡಿಮೆ ಇರುತ್ತದೆ, ಅಂಥವರ ವರದಿ ಸುಳ್ಳೇ ‘ನೆಗೆಟಿವ್’ ಬರುತ್ತದೆ. ದೊಡ್ಡವರಲ್ಲಿ ಎಂಡೊಸ್ಕೊಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಂನಿಂದ ನಾಲ್ಕಕ್ಕಿಂತ ಕಡಿಮೆ ತುಣುಕು ತೆಗೆದರೆ ಸವೆತ ಕಣ್ತಪ್ಪಬಹುದು.

ಪರೀಕ್ಷೆಗೆ ಮೊದಲು ಗೋಧಿ ನಿಲ್ಲಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ‘ಗೋಧಿ ಬಿಟ್ಟು ನೋಡಿ, ಆರಾಮಾದರೆ ಅದೇ’ ಎಂಬ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಬಿಟ್ಟ ಮೇಲೆ ಪ್ರತಿಕಾಯ ಇಳಿಯುತ್ತದೆ, ಕರುಳು ಗುಣವಾಗತೊಡಗುತ್ತದೆ, ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆಮೇಲೆ ಖಚಿತಪಡಿಸಿಕೊಳ್ಳಲು ವೈದ್ಯರ ಕಣ್ಗಾವಲಿನಲ್ಲಿ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಮತ್ತೆ ಗೋಧಿ ತಿನ್ನಿಸಬೇಕು. ಚೇತರಿಸಿಕೊಂಡ ಮಗುವಿಗೆ ಹಾಗೆ ಮಾಡಲು ಯಾವ ತಾಯಿಯ ಕೈ ಬರುತ್ತದೆ? ಒಬ್ಬರಿಗೆ ಖಚಿತವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಪರೀಕ್ಷೆ ಆಗಬೇಕು. ಅವರಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಇದು ಇರುತ್ತದೆ, ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ.

ಇದನ್ನು ಓದುವ ಕುಟುಂಬಗಳು ಕೇಳುವ ಪ್ರಶ್ನೆ ಒಂದಿದೆ: ಒಬ್ಬರಿಗೆ ಇದ್ದರೆ ಮನೆಮಂದಿಯೆಲ್ಲ ಗೋಧಿ ಬಿಡಬೇಕೇ? ಬಿಡಲೇಬೇಕೆಂದಿಲ್ಲ. ಆದರೆ ಮನೆಯೊಳಗೆ ಗೋಧಿಹಿಟ್ಟು ಕಲಸುವುದನ್ನು ನಿಲ್ಲಿಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಿಟ್ಟಿನ ದೂಳು ಕಟ್ಟೆಯ ಮೇಲೆ, ಒಣಗಲು ಇಟ್ಟ ತಟ್ಟೆಗಳ ಮೇಲೆ ಕೂರುತ್ತದೆ. ಬೇಕಾದವರು ಹೊರಗೆ ಚಪಾತಿ ತಿನ್ನಲಿ, ಬ್ರೆಡ್ಡನ್ನು ಒಂದು ಮೂಲೆಯಲ್ಲಿಟ್ಟುಕೊಳ್ಳಲಿ. ಒಟ್ಟಿಗೆ ಕೂತು ಉಣ್ಣುವ ಊಟ ಎಲ್ಲರಿಗೂ ಒಂದೇ ಇರಲಿ: ಮುದ್ದೆ, ಅನ್ನ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ, ಒತ್ತು ಶಾವಿಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಕರುಳು ಸವೆದು ಮೂಳೆ ಸೊರಗಿದವರಿಗೆ ಮರಗೆಣಸಿನ ಪಿಷ್ಟ ತುಂಬಿದ ದುಬಾರಿ ಗ್ಲುಟೆನ್ ರಹಿತ ಬ್ರೆಡ್ಡಿಗಿಂತ ಮುದ್ದೆಯೇ ಮೇಲು. ಜರಡಿ, ಲಟ್ಟಣಿಗೆ, ಮಣೆ, ಮರದ ಸೌಟು ಹೊಸದು ಕೊಳ್ಳಿ. ಇವುಗಳ ಸಂದಿಯಿಂದ ಹಿಟ್ಟು ತೆಗೆಯಲಾಗದು. ಹಳೆಯ ಕಬ್ಬಿಣದ ಕಾವಲಿಯೂ ಬೇರೆ ಇರಲಿ. ಸ್ಟೀಲು, ಗಾಜಿನ ಪಾತ್ರೆ ಸೋಪಿನಲ್ಲಿ ಉಜ್ಜಿ ತೊಳೆದರೆ ಸಾಕು. ಮಿಕ್ಸಿ ಜಾರಿನ ರಬ್ಬರ್ ಬಳೆ ಬಿಚ್ಚಿ ನೋಡಿ, ಅದರ ಕೆಳಗೆ ಏನಿರುತ್ತದೆಂದು ನಿಮಗೇ ಗೊತ್ತಾಗುತ್ತದೆ. ಚಪಾತಿಗೆ ಸವರಿದ ಚಮಚ ಮರಳಿ ತುಪ್ಪದ ಡಬ್ಬಿಗೆ ಹೋಯಿತೋ, ಆ ಡಬ್ಬಿ ಆ ಮಗುವಿಗೆ ಬೇಡ.

ಮಾನ್ಯ ಆಯುಕ್ತರೇ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 30ನೇ ಕಲಂ ಆಹಾರ ತಯಾರಿಕಾ ಘಟಕಗಳ ಸಮೀಕ್ಷೆ ಮತ್ತು ತರಬೇತಿಯ ಕೆಲಸವನ್ನು ನಿಮಗೆ ವಹಿಸಿದೆ. ಇಂಗು, ಸಾರಿನ ಪುಡಿ, ರಾಗಿ ಹಿಟ್ಟು, ಜೋಳದ ಹಿಟ್ಟು, ಸಿರಿಧಾನ್ಯದ ಬಿಸ್ಕತ್ತು, ಈ ಐದು ಬಗೆಯ ಮಾದರಿಗಳನ್ನು ಜಿಲ್ಲೆಜಿಲ್ಲೆಯಿಂದ ಸಂಗ್ರಹಿಸಿ, ಗ್ಲುಟೆನ್ ಅಳೆಯಲು ಅಂತರರಾಷ್ಟ್ರೀಯವಾಗಿ ಒಪ್ಪಿರುವ ಆರ್5 ಎಲೈಸಾ ವಿಧಾನದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ. ಆಹಾರ ತಂತ್ರಜ್ಞಾನದ ಸಂಶೋಧನೆ ಮಾಡುವ ಮೈಸೂರಿನ ಸಿಎಫ್‌ಟಿಆರ್‌ಐಯಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವಾಗ ಪರಿಣತರನ್ನು ದೂರದಿಂದ ಕರೆಸಬೇಕಾಗಿಲ್ಲ. ಹೋಟೆಲು ಸಿಬ್ಬಂದಿಗೆ ಕೊಡುವ ಫಾಸ್‌ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಿ, ಕಾವಲಿ ಮತ್ತು ಪೊರಕೆಯನ್ನು ಮುಂದಿಟ್ಟುಕೊಂಡೇ ಹೇಳಿಕೊಡಿ. ಐದೂ ಬಗೆ ಒಟ್ಟಿಗೆ ಆಗದಿದ್ದರೆ ಮೊದಲ ಮಾದರಿ ಇಂಗಿನದಾಗಲಿ.

ಇಂತಿ,
ಸೀಲಿಯಾಕ್ ಇರುವವರ ಮನೆಗಳಲ್ಲಿ ಅಡುಗೆ ಮಾಡುವವರು